"ಕಾಫಿ ಮಾರಿದ ಮೇಲೆ ನೋಡೋಣ": ಕೊಡಗಿನಲ್ಲಿ ಫರ್ನಿಚರ್ ಮಾರುವುದು ಹೇಗೆ?

[ದೃಶ್ಯ: ಕುಶಾಲನಗರದ ಮುಖ್ಯರಸ್ತೆ. ಫರ್ನಿಚರ್ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಸುತ್ತಿದ ಸೋಫಾ, ಗೋಡೆಗೆ ಒರಗಿಸಿದ ಮಂಚದ ತಲೆಹಲಗೆಗಳು.]

ನಮಸ್ಕಾರ. ಕೊಡಗಿನ ಯಾವ ಪೇಟೆಯ ಫರ್ನಿಚರ್ ಅಂಗಡಿಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಚೆನ್ನಾಗಿದೆ. ಕಾಫಿ ಮಾರಿದ ಮೇಲೆ ನೋಡೋಣ." ಗಿರಾಕಿ ಹೊರಟುಹೋಗುತ್ತಾರೆ. ಅಂಗಡಿಯವರು ಮನಸ್ಸಿನಲ್ಲೇ ಆ ಹೆಸರಿಗೆ ಗೀಟು ಎಳೆಯುತ್ತಾರೆ.

ಒಂದು ನಿಮಿಷ ನಿಲ್ಲಿ. ಅವರು ಬೇಡ ಅಂತ ಎಲ್ಲಿ ಹೇಳಿದರು? ಯಾವಾಗ ತಗೊಳ್ಳುತ್ತೇನೆ ಅಂತ ತಾರೀಕು ಹೇಳಿ ಹೋಗಿದ್ದಾರೆ, ಅಲ್ವಾ? ಅದನ್ನು ಬರೆದಿಟ್ಟುಕೊಳ್ಳುವವರು ಯಾರೂ ಇಲ್ಲ, ಅಷ್ಟೇ.

ಇವತ್ತಿನ ವಿಡಿಯೋ ಇದರ ಬಗ್ಗೆಯೇ. ಕಾಫಿ ರೇಟು ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ಮಕ್ಕಳು ಬೆಂಗಳೂರಿನಲ್ಲಿ. ಬೆಂಗಳೂರಿನ ಅಂಗಡಿಗಳು ನಮ್ಮ ಫೋನಿನಲ್ಲಿ. ಇಂಥ ಕಾಲದಲ್ಲಿ ಇಲ್ಲಿನ ಫರ್ನಿಚರ್ ಅಂಗಡಿ ಏನು ಮಾಡಬಹುದು? ದೊಡ್ಡ ಊರಿನ ಆಫರ್ ಬೋರ್ಡನ್ನು ಹಾಗೇ ತಂದು ನೇತುಹಾಕಿದರೆ ಇಲ್ಲಿ ಕೆಲಸ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆ ದುಡ್ಡು ಬರುವ ತಿಂಗಳೇ ಬೇರೆ. ಮಳೆಯಂತೂ ಕೇಳಲೇಬೇಡಿ.

[ದೃಶ್ಯ: ಕಣದಲ್ಲಿ ಒಣಗುತ್ತಿರುವ ಕಾಫಿ. ಪರದೆಯ ಮೇಲೆ ತಿಂಗಳುಗಳ ಪಟ್ಟಿ.]

ಮೊದಲು ದುಡ್ಡಿನ ವಿಷಯ. ಅರೇಬಿಕಾ ಕಾಫಿಯ ಕುಯ್ಲು ನವೆಂಬರ್‌ನಿಂದ ಜನವರಿ. ರೋಬಸ್ಟಾ ಜನವರಿಯಿಂದ ಮಾರ್ಚ್. ಅದರ ಹಿಂದೆಯೇ ಕರಿಮೆಣಸು. ಅಂದರೆ ಬೆಳೆಗಾರರ ಕೈಗೆ ದುಡ್ಡು ಬರುವುದು ವರ್ಷದ ಮೊದಲ ನಾಲ್ಕೈದು ತಿಂಗಳಲ್ಲಿ. ಮದುವೆಗಳು ಜಾಸ್ತಿ ಇರುವುದೂ ಏಪ್ರಿಲ್, ಮೇನಲ್ಲಿ. ಆದರೆ ಅಂಗಡಿಗಳ ದೊಡ್ಡ ಆಫರ್ ಯಾವಾಗ? ದಸರಾಗೆ, ದೀಪಾವಳಿಗೆ. ಸಂಬಳದವರಿಗೆ ಅದು ಸರಿ. ತೋಟದವರಿಗೆ ಅದು ಕುಯ್ಲಿಗೆ ಜನ ಹುಡುಕುವ ಹೊತ್ತು. ಕೂಲಿಗೆ ದುಡ್ಡು ಹೊಂದಿಸುವ ಹೊತ್ತು.

ಇದರ ಮೇಲೆ ರೇಟಿನ ಆಟ ಬೇರೆ. 2024ರ ಏಪ್ರಿಲ್ ಹೊತ್ತಿಗೆ ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಯ, 50 ಕೆಜಿ ಮೂಟೆ 10,000 ರೂಪಾಯಿ ದಾಟಿತು. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ಫಸಲು ಕಮ್ಮಿಯಾಗಿದ್ದು ಅದಕ್ಕೆ ದೊಡ್ಡ ಕಾರಣ. ರೇಟು ಏರಿದಾಗ ಸೋಫಾ ತಕ್ಷಣ ಮಾರಾಟ ಆಗುತ್ತದೆ ಅಂದುಕೊಳ್ಳಬೇಡಿ. ಇನ್ನೂ ಏರುತ್ತದೇನೋ ಅಂತ ಮೂಟೆಗಳು ಗೋದಾಮಿನಲ್ಲೇ ಕೂರುತ್ತವೆ. ಇಳಿದಾಗಲೂ ಅಷ್ಟೇ, ಏರಲಿ ಅಂತ ಕೂರುತ್ತವೆ.

ಇಂಥವರಿಗೆ ತಿಂಗಳ ಕಂತು ಹೊಂದುವುದಿಲ್ಲ. ಅವರಿಗೆ ತಿಂಗಳ ಸಂಬಳ ಇಲ್ಲವಲ್ಲ! ಹಾಗಾದರೆ ಕಂತನ್ನು ಕುಯ್ಲಿಗೆ ಕಟ್ಟಿ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಬುಕಿಂಗ್ ಶುರು ಮಾಡಿ. ಬುಕ್ ಮಾಡಿದ ದಿನದ ಬೆಲೆಯೇ ಖಾಯಂ, ಅದನ್ನು ಚೀಟಿಯಲ್ಲಿ ಬರೆದುಕೊಡಿ. ಮೊದಲ ಕಂತು ಮುಂಗಡ. ಎರಡನೆಯದು ಕಾಫಿ ಮಾರಿದಾಗ. ಉಳಿದದ್ದು ಮೆಣಸು ಮಾರಿದಾಗ, ವಸ್ತು ಮನೆಗೆ ಬರುವ ಹೊತ್ತಿಗೆ. ಒಂದು ಎಚ್ಚರ: ಮುಂಗಡದಲ್ಲಿ ಮರ, ಪ್ಲೈವುಡ್, ಕೀಲು, ಹಿಡಿಗಳ ಖರ್ಚಾದರೂ ಬಂದಿರಬೇಕು. ಪರಿಚಯ ಇದೆ ಅಂತ ಪೂರ್ತಿ ಸಾಲ ಕೊಟ್ಟರೆ ಗಿರಾಕಿಯೂ ಹೋಗುತ್ತಾರೆ, ಪರಿಚಯವೂ ಹೋಗುತ್ತದೆ.

ಇನ್ನು ಆ "ನೋಡೋಣ" ಅಂದವರು. ಅಂಗಡಿಯಲ್ಲಿ ಒಂದು ಪುಸ್ತಕ ಇಡಿ. ಹೆಸರು, ಊರು, ಏನು ನೋಡಿದರು, ಯಾವಾಗ ಬರುತ್ತೇನೆ ಅಂದರು. ಅವರು ಕೈಯಿಟ್ಟು ನೋಡಿದ ಮಂಚದ ಫೋಟೋ ಅಲ್ಲೇ ತೆಗೆದಿಡಿ. ಫೆಬ್ರವರಿಯಲ್ಲಿ ಅದೇ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ: "ಅಕ್ಕ, ನೀವು ನೋಡಿದ ಮಂಚ ಇನ್ನೂ ಇದೆ. ಬೆಲೆಯೂ ಅದೇ." ದಿನಾ ಬೆಳಗ್ಗೆ ಎಲ್ಲರಿಗೂ ಹೂವಿನ ಚಿತ್ರದ ಶುಭೋದಯ ಕಳಿಸುವವರ ನಂಬರನ್ನು ಜನ ಬ್ಲಾಕ್ ಮಾಡುತ್ತಾರೆ. ಈ ಮಂಚದ ಫೋಟೋಗೆ ಉತ್ತರ ಕೊಡುತ್ತಾರೆ.

[ದೃಶ್ಯ: ಜುಲೈ ಮಳೆ. ಹೆಂಚಿನ ಮನೆ. ಕಪಾಟಿನ ಹಿಂಬದಿಯಲ್ಲಿ ಬಿಳಿ ಬೂಸ್ಟು.]

ಈಗ ಮಳೆ. ನನಗೆ ತುಂಬ ಇಷ್ಟವಾದ ಭಾಗ ಇದು. ಬೆಂಗಳೂರಿನ ಯಾವ ಅಂಗಡಿಗೂ ಗೊತ್ತಿಲ್ಲದ ವಿದ್ಯೆ ನಿಮ್ಮ ಹತ್ತಿರ ಇರುವುದು ಇಲ್ಲೇ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ, ಒಂದೇ ಅಂಗಡಿಯ ಒಂದೇ ಕಪಾಟು. ಒಂದು ಕಡೆ ಹತ್ತು ವರ್ಷ ಬಾಳುತ್ತದೆ, ಇನ್ನೊಂದು ಕಡೆ ಮೂರನೇ ಮಳೆಗಾಲಕ್ಕೆ ಬುಡ ಉಬ್ಬುತ್ತದೆ. ಹಾಗಾಗಿ ಗಿರಾಕಿ ಬಂದಾಗ "ಬಜೆಟ್ ಎಷ್ಟು?" ಅಂತ ಶುರು ಮಾಡಬೇಡಿ. "ಮನೆ ಎಲ್ಲಿ?" ಅಂತ ಕೇಳಿ. ಆ ಪ್ರಶ್ನೆಯಲ್ಲೇ ಅರ್ಧ ನಂಬಿಕೆ ಬರುತ್ತದೆ.

ವಿಷಯ ಹೀಗಿದೆ. ಮರ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಹೀರಿದಾಗ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಆಷಾಢದಲ್ಲಿ ಡ್ರಾಯರ್ ಬಿಗಿಯಾಗುವುದು ಇದಕ್ಕೇ. ಆಗ ಆಚಾರಿಯನ್ನು ಕರೆಸಿ ತುಂಬ ಕೆತ್ತಿಸಿದರೆ ಮಾರ್ಚ್‌ನಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಮನೆಯೊಳಗಿನ ಫರ್ನಿಚರ್‌ಗೆ ಮರದ ತೇವ ನೂರಕ್ಕೆ 12ರ ಆಸುಪಾಸು ಇದ್ದರೆ ಒಳ್ಳೆಯದು. 20ರ ಹತ್ತಿರ ಹೋದರೆ ಬೂಸ್ಟಿಗೆ ಹಬ್ಬ. ಮರದ ತೇವ ಅಳೆಯುವ ಕೈಮೀಟರ್ ಸಿಗುತ್ತದೆ. ಅದನ್ನು ಗಿರಾಕಿಯ ಎದುರೇ ಮಂಚಕ್ಕೆ ಒತ್ತಿ ತೋರಿಸಿ. ಅಂಕಿ ನೋಡಿದ ಮೇಲೆ "ಒಣಗಿದ ಮರ ಸಾರ್" ಅಂತ ಆಣೆ ಇಡಬೇಕಾಗಿಲ್ಲ.

[ದೃಶ್ಯ: ಮೇಜಿನ ಮೇಲೆ ಮೂರು ಗಾಜಿನ ಭರಣಿ. ನೀರಿನಲ್ಲಿ ಮೂರು ತುಂಡು ಹಲಗೆ.]

ಇನ್ನೊಂದು ಉಪಾಯ ಇನ್ನೂ ಅಗ್ಗ. ಅಂಗಡಿಯ ಮುಂದೆ ಮೂರು ಗಾಜಿನ ಭರಣಿ ಇಡಿ, ತುಂಬ ನೀರು. ಒಂದರಲ್ಲಿ ಮರದ ಪುಡಿ ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್ ತುಂಡು. ಎರಡನೆಯದರಲ್ಲಿ ಕಮರ್ಷಿಯಲ್ ಅಂತ ಕರೆಯುವ, ಸ್ವಲ್ಪ ತೇವ ತಡೆಯುವ ಎಂಆರ್ ಪ್ಲೈ. ಮೂರನೆಯದರಲ್ಲಿ ಐಎಸ್ 710 ಗುರುತಿನ ಮರೈನ್ ಪ್ಲೈ. ಈ ಮೂರನೆಯದು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟರೂ ಪದರ ಬಿಡಬಾರದು ಅನ್ನುವುದು ಪರೀಕ್ಷೆಯ ನಿಯಮ. ಮೊದಲ ಭರಣಿಯಲ್ಲಿ ತುಂಡು ಉಬ್ಬಿ ಪುಡಿಯಾಗುವುದನ್ನು ದಾರಿಯಲ್ಲಿ ಹೋಗುವವರು ದಿನಾ ನೋಡಲಿ. ಪ್ರತಿದಿನ ಒಂದು ಫೋಟೋ ಸ್ಟೇಟಸ್‌ಗೆ ಹಾಕಿ. ಮಕ್ಕಳು ಸ್ಕೂಲಿನಿಂದ ಬರುವಾಗ ನಿಂತು ನೋಡುತ್ತಾರೆ, ಮನೆಯಲ್ಲಿ ಹೇಳುತ್ತಾರೆ. ಇದಕ್ಕಿಂತ ಒಳ್ಳೆ ಜಾಹೀರಾತು ನನಗಂತೂ ತೋಚುತ್ತಿಲ್ಲ.

ಆದರೆ ಮೋಸ ಬೇಡ. ಕುಶಾಲನಗರದ ಒಣ ಮನೆಯ ಮಹಡಿ ಕೋಣೆಗೆ ಎಂಆರ್ ಸಾಕು ಅಂದರೆ ಸಾಕು ಅಂತಲೇ ಹೇಳಿ. ಎಲ್ಲರಿಗೂ ಮರೈನ್ ತಗುಲಿಸಿದರೆ ನಿಮ್ಮ ಭರಣಿ ಸುಮ್ನೆ ನಾಟಕ ಆಗುತ್ತದೆ.

ಮಳೆಯ ಈ ಕೆಲಸದ ಮುಂದಿನ ಹೆಜ್ಜೆ ಸೆಪ್ಟೆಂಬರ್‌ನಲ್ಲಿ. ಮಳೆ ಕಮ್ಮಿಯಾದ ಮೇಲೆ, ಹಿಂದಿನ ಎರಡು ವರ್ಷ ನಿಮ್ಮಲ್ಲಿ ತಗೊಂಡವರ ಮನೆಗೆ ಒಬ್ಬ ಆಚಾರಿಯನ್ನು ಕಳಿಸಿ. ಬೂಸ್ಟು ಒರೆಸಲಿ, ಸಡಿಲ ಸ್ಕ್ರೂ ಬಿಗಿ ಮಾಡಲಿ, ಗೆದ್ದಲು ಇದೆಯಾ ನೋಡಲಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿಡಲಿ. ದುಡ್ಡು ಬೇಡ. ಆಚಾರಿಯ ಕೂಲಿ, ಪೆಟ್ರೋಲು ಖರ್ಚಾಗುತ್ತದೆ, ನಿಜ. ಆದರೆ ಆ ಮನೆಯಲ್ಲಿ ಕಾಫಿ ಕುಡಿಯುವಾಗ "ಮಗಳ ಮದುವೆ ಏಪ್ರಿಲ್‌ನಲ್ಲಿ" ಅನ್ನುವ ಸುದ್ದಿ ಸಿಗುತ್ತದೆ. ಫ್ಲೆಕ್ಸ್ ಬೋರ್ಡ್ ಆ ಸುದ್ದಿ ತಂದುಕೊಡುವುದಿಲ್ಲ.

[ದೃಶ್ಯ: ಕಾಫಿ ತೋಟ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ.]

ತೋಟದವರ ಹತ್ತಿರ ಇನ್ನೊಂದು ಆಸ್ತಿ ಇದೆ, ಮರ. ಗಾಳಿಗೆ ಬಿದ್ದ ಹಲಸು, ನೆರಳಿಗೆ ನೆಟ್ಟ ಸಿಲ್ವರ್ ಓಕ್. "ನಿಮ್ಮ ತೋಟದ ಮರ, ನಮ್ಮ ಕೆಲಸ" ಅಂತ ಒಂದು ಸೇವೆ ಶುರು ಮಾಡಬಹುದು. ಅಜ್ಜ ನೆಟ್ಟ ಹಲಸಿನ ಮರದ ಊಟದ ಮೇಜು ಅಂದರೆ ಬೆಲೆಯ ಚೌಕಾಸಿ ಅಲ್ಲಿಗೇ ಮುಗಿಯಿತು. ಅದರ ಜೊತೆ ಯಾವ ಆನ್‌ಲೈನ್ ಕಂಪನಿಯೂ ಸ್ಪರ್ಧೆ ಮಾಡಲಾರದು. ಕೊಯ್ಸುವುದು, ಒಣಗಿಸುವುದು, ಮಾಡುವುದು, ಎಲ್ಲ ಹಂತದ ಸಣ್ಣ ವಿಡಿಯೋ ತೆಗೆದು ಮನೆಯವರಿಗೆ ಕಳಿಸಿ. ದುಬೈನಲ್ಲಿರುವ ಮಗ ಅದನ್ನು ಹತ್ತು ಜನರಿಗೆ ಕಳಿಸುತ್ತಾನೆ. ಮುಂದಿನ ಆರ್ಡರ್ ಅಲ್ಲಿಂದ ಬಂದರೂ ಬರಬಹುದು.

ಕಾಗದಪತ್ರ ಮಾತ್ರ ಮೊದಲು. ಬೀಟೆ, ತೇಗಕ್ಕೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಜಮ್ಮಾ ಬಾಣೆ ಅನ್ನುವ ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿಯ ಜಾಗದಲ್ಲಿ ಮರದ ಹಕ್ಕು ಯಾರದ್ದು ಅನ್ನುವುದಂತೂ ಇನ್ನೊಂದು ದೊಡ್ಡ ವಿಡಿಯೋ ಆಗುವಷ್ಟಿದೆ. ಮರ ಎಲ್ಲಿಂದ ಬಂತು ಅನ್ನುವ ದಾಖಲೆಯ ಪ್ರತಿಯನ್ನು ಬಿಲ್ಲಿನ ಜೊತೆಯೇ ಕೊಡುವ ಅಂಗಡಿ ಅಂತ ಹೆಸರು ಬಂದರೆ, ಅದೂ ಮಾರ್ಕೆಟಿಂಗೇ.

[ದೃಶ್ಯ: ಐನ್‌ಮನೆಯ ಜಗಲಿ. ಕಂಬಗಳ ನಡುವೆ ಅಗಲವಾದ ಮರದ ಐಮರ.]

ಹೊಸದು ಮಾರುವುದೊಂದೇ ವ್ಯಾಪಾರ ಅಲ್ಲ. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಐಮರ ನೋಡಿದ್ದೀರಲ್ಲ? ಹಿರಿಯರು ಕೂರುವ ಆ ಹಲಗೆ ತಲೆಮಾರುಗಳನ್ನು ಕಂಡಿದೆ. ಅಂಥ ಮನೆಗಳಲ್ಲಿ ಬೀಟೆ ಮಂಚ, ಉದ್ದ ಕೈಯ ಪ್ಲಾಂಟರ್ ಕುರ್ಚಿ ಅಟ್ಟದಲ್ಲಿ ಬಿದ್ದಿರುತ್ತವೆ. ಬೆತ್ತ ಹರಿದಿರುತ್ತದೆ, ಒಂದು ಕಾಲು ಅಲ್ಲಾಡುತ್ತಿರುತ್ತದೆ, ಅಷ್ಟೇ. ಅವನ್ನು ಸರಿಮಾಡಿಕೊಡಿ. "ಹಳೇದು ಕೊಡಿ, ಹೊಸದು ಕೊಂಡೊಯ್ಯಿರಿ" ಅಂತ ಬೀಟೆ ಮಂಚವನ್ನು ಪುಡಿಗಾಸಿಗೆ ಎತ್ತಿಕೊಂಡು ಹೋಗುವ ಎಕ್ಸ್‌ಚೇಂಜ್ ಆಫರ್ ನನಗೆ ಸರಿ ಕಾಣುವುದಿಲ್ಲ. ಒಂದು ಸಲ ಲಾಭ ಬರುತ್ತದೆ. ಮೊಮ್ಮಗನಿಗೆ ಅದರ ಬೆಲೆ ಗೊತ್ತಾದ ದಿನ ಇಡೀ ಒಕ್ಕ, ಅಂದರೆ ಆ ಮನೆತನದವರೆಲ್ಲ, ನಿಮ್ಮ ಅಂಗಡಿ ಮರೆಯುತ್ತದೆ.

ಬೆತ್ತದ ಮಾತು ಬಂತಲ್ಲ, ಇದನ್ನೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಬಿದಿರು, ಬೆತ್ತದಿಂದ ಮಾಡಿದ ಫರ್ನಿಚರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಮರದ್ದು 18ರಲ್ಲೇ ಇದೆ. ಜಗಲಿಗೆ ಬೆತ್ತದ ಕುರ್ಚಿ ಮಾರಲು ಇದು ಒಳ್ಳೆ ಸಮಯ.

[ದೃಶ್ಯ: ಹೋಂಸ್ಟೇ ಕೋಣೆ. ಕಿಟಕಿಯಾಚೆ ತೋಟ.]

ಹೋಂಸ್ಟೇಗಳು. ಮಂಚದ ಮೇಲೆ ಅಂಗಡಿಯಲ್ಲಿ ಎರಡು ನಿಮಿಷ ಕೂರುತ್ತಾರೆ. ಹೋಂಸ್ಟೇಯಲ್ಲಿ ಎರಡು ರಾತ್ರಿ ಅದೇ ಮಂಚದಲ್ಲಿ ಮಲಗುತ್ತಾರೆ. ಹಾಗಾದರೆ ಒಂದೊಳ್ಳೆ ಹೋಂಸ್ಟೇ ಮಾಲೀಕರ ಜೊತೆ ಮಾತಾಡಿ ಒಂದು ಕೋಣೆಯನ್ನು ನಿಮ್ಮ ಷೋರೂಂ ಮಾಡಿಕೊಳ್ಳಿ. ಅವರಿಗೆ ಫರ್ನಿಚರ್ ಕಮ್ಮಿ ಬೆಲೆಗೆ, ಅಲ್ಲಿಂದ ಬಂದ ಆರ್ಡರಿಗೆ ಕಮಿಷನ್. ಮೇಜಿನ ಮೇಲೆ ಒಂದು ಸಣ್ಣ ಕಾರ್ಡು, ಅದರಲ್ಲಿ ಕ್ಯೂಆರ್ ಕೋಡ್, ಅಷ್ಟು ಸಾಕು. ಮಂಚಕ್ಕೆ, ಕನ್ನಡಿಗೆ, ಬಚ್ಚಲ ಬಾಗಿಲಿಗೆಲ್ಲ ಸ್ಟಿಕ್ಕರ್ ಅಂಟಿಸಿದರೆ ಬಂದವರಿಗೆ ಸಂತೆಯಲ್ಲಿ ಮಲಗಿದ ಹಾಗಾಗುತ್ತದೆ. ಪ್ರವಾಸಿಗಳು ಕಾರಿನಲ್ಲಿ ಕಪಾಟು ಒಯ್ಯುವುದಿಲ್ಲ. ಕಿತ್ತ ಕಾಫಿ ಗಿಡದ ಬೇರಿನಿಂದ ಮಾಡಿದ ಟೀಪಾಯಿ, ಸಣ್ಣ ಸ್ಟೂಲು, ಇವು ಡಿಕ್ಕಿಯಲ್ಲಿ ಹಿಡಿಯುತ್ತವೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ಭೂಕುಸಿತ, 2019ರಲ್ಲಿ ಮತ್ತೆ ಪ್ರವಾಹ, 2020ರಲ್ಲಿ ಕೋವಿಡ್. ಮೂರು ವರ್ಷ ಸಾಲಾಗಿ ಪ್ರವಾಸೋದ್ಯಮಕ್ಕೆ ಪೆಟ್ಟು ಬಿತ್ತು. ಹೋಂಸ್ಟೇ ಆರ್ಡರನ್ನೇ ನಂಬಿ ಅಂಗಡಿ ನಡೆಸಬೇಡಿ.

[ದೃಶ್ಯ: ತಿರುವಿನ ಮಣ್ಣು ರಸ್ತೆಯಲ್ಲಿ ಏರುತ್ತಿರುವ ಪಿಕಪ್, ಹಿಂದೆ ಹಗ್ಗದಲ್ಲಿ ಕಟ್ಟಿದ ಮಂಚ.]

ಆನ್‌ಲೈನ್ ಸ್ಪರ್ಧೆಗೆ ಬರೋಣ. ಐಕಿಯಾ ಬೆಂಗಳೂರಿನ ನಾಗಸಂದ್ರದಲ್ಲಿ ಅಂಗಡಿ ತೆರೆದಿದ್ದು 2022ರ ಜೂನ್‌ನಲ್ಲಿ. ಆ ಕಂಪನಿಯ ಹಳೇ ಕಥೆಯೊಂದಿದೆ. 1950ರ ದಶಕದಲ್ಲಿ ಅವರ ಒಬ್ಬ ಕೆಲಸಗಾರನಿಗೆ ಮೇಜು ಕಾರಿನಲ್ಲಿ ಹಿಡಿಯಲಿಲ್ಲ. ಕಾಲುಗಳನ್ನು ಬಿಚ್ಚಿ ಇಟ್ಟುಕೊಂಡ. ಬಿಚ್ಚಿ ಚಪ್ಪಟೆಯಾಗಿ ಪ್ಯಾಕ್ ಮಾಡಿ ಮಾರುವ ಅವರ ಪದ್ಧತಿ ಅಲ್ಲಿಂದ ಬೆಳೆಯಿತು. ಸಾಗಿಸುವ ಕಷ್ಟದಿಂದಲೇ ವ್ಯಾಪಾರ ಹುಟ್ಟಿತು.

ನಮ್ಮ ಕಡೆ ಆ ಕಷ್ಟಕ್ಕೆ ಬರವೇ? ದೊಡ್ಡ ಲಾರಿ ಮುಖ್ಯರಸ್ತೆಯಲ್ಲಿ ನಿಲ್ಲುತ್ತದೆ. ಮನೆ ಇರುವುದು ತೋಟದೊಳಗೆ, ಕೊನೆಯ ಒಂದು ಕಿಲೋಮೀಟರ್ ಜೀಪಿಗೆ ಮಾತ್ರ ದಾರಿ. ಆ ಕೊನೆಯ ಕಿಲೋಮೀಟರ್ ನಿಮ್ಮದು. ಜೀಪಿನಲ್ಲಿ ಹಿಡಿಯುವ ಹಾಗೆ ಬಿಚ್ಚಿ ಜೋಡಿಸುವ ಮಂಚ, ಕಪಾಟು ಮಾಡಿಸಿ. ನಾಪೋಕ್ಲು, ಸೋಮವಾರಪೇಟೆ ಕಡೆಯ ಏರಿನಲ್ಲಿ ನಿಮ್ಮ ಪಿಕಪ್ ಹತ್ತುವುದನ್ನು ಫೋನಿನಲ್ಲೇ ಶೂಟ್ ಮಾಡಿ ಹಾಕಿ. ಹಿನ್ನೆಲೆ ಸಂಗೀತ ಬೇಡ, ಇಂಜಿನ್ ಸದ್ದು, ಹುಡುಗರ ಕೂಗು ಇರಲಿ. ಮಾತು ಇಲ್ಲಿನ ಭಾಷೆಗಳಾದ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಇದ್ದರೆ ಇನ್ನೂ ಚೆಂದ. ಮನೆ ಕಟ್ಟಿಸುತ್ತಿರುವ, ಆದರೆ ಊರಲ್ಲಿ ಇಲ್ಲದ ಮಕ್ಕಳು ನೋಡುವುದು ಇಂಥದ್ದನ್ನೇ. ಅವರ ಜೊತೆ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಂಗಡಿ ಸುತ್ತಾಡಿಸಿ. ಅಮ್ಮ ಅಂಗಡಿಯಲ್ಲಿ, ಮಗಳು ಫೋನಿನಲ್ಲಿ, ಇಬ್ಬರೂ ಒಪ್ಪಿದರೆ ವ್ಯಾಪಾರ ಅಲ್ಲೇ ಮುಗಿಯುತ್ತದೆ.

[ದೃಶ್ಯ: ಹಾಕಿ ಮೈದಾನ. ಗ್ಯಾಲರಿಯಲ್ಲಿ ಜನ.]

ಕೊನೆಯದಾಗಿ ಹಾಕಿ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ನಡೆಯುವುದು ಬೇಸಿಗೆಯಲ್ಲಿ, ಕಾಫಿ ದುಡ್ಡು ಕೈಯಲ್ಲಿರುವಾಗ. ಎಲ್ಲ ಅಂಗಡಿಗಳೂ ಅಲ್ಲಿ ಬ್ಯಾನರ್ ಕಟ್ಟುತ್ತವೆ, ಯಾರೂ ಓದುವುದಿಲ್ಲ. ನೀವು ಬ್ಯಾನರ್ ದುಡ್ಡಿನಲ್ಲಿ ಹಿರಿಯರಿಗೆ ಅಂತ ಇಪ್ಪತ್ತು ಒಳ್ಳೆ ಕುರ್ಚಿ ಕಳಿಸಿ, ನೆರಳಿನಲ್ಲಿ ಹಾಕಿಸಿ. ಉತ್ಸವ ಮುಗಿದ ಮೇಲೆ ಅವನ್ನೇ ಕಮ್ಮಿ ಬೆಲೆಗೆ ಮಾರಬಹುದು. ಆಯೋಜಕರ ಒಪ್ಪಿಗೆ ಮೊದಲೇ ಪಡೆಯಿರಿ, ಮತ್ತೆ ಕುರ್ಚಿ ಎಣಿಸಿಕೊಳ್ಳಲು ಒಬ್ಬ ಹುಡುಗನನ್ನು ಅಲ್ಲೇ ಬಿಡಿ.