ವರ್ಡ್ ಯಾರನ್ನು ಕರೆಸಿತು?

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕಮಗಳೂರಿನವನು. ಸಣ್ಣಪುಟ್ಟ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಕಾಫಿ ವ್ಯಾಪಾರದವರು, ಸಹಕಾರ ಸಂಘದವರು, ಆಡಿಟರ್ ಆಫೀಸಿನವರು, ಹೀಗೆ. ಮೇಲಿನಲ್ಲಿ ಬರುವ ವರ್ಡ್, ಎಕ್ಸೆಲ್ ಫೈಲಿನ ಮೂಲಕ ಕಳ್ಳರು ಒಳಗೆ ಬಂದರೆ ಪತ್ತೆ ಮಾಡುವುದು ಹೇಗೆ ಎಂಬುದು ಇವತ್ತಿನ ಮಾತು. ಮೊದಲು ಒಂದು ಫೈಲಿನ ವಿಷಯ ಹೇಳಿ ಮುಂದೆ ಹೋಗುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳು, ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಒಂದು ಕಾಫಿ ವ್ಯಾಪಾರದ ಆಫೀಸಿನಲ್ಲಿ ಪಾರ್ಚ್‌ಮೆಂಟ್ ಮೂಟೆ, ತೂಕ, ಬಿಲ್ಲು, ಪೇಮೆಂಟ್ ಎಂದು ಯಾರಿಗೂ ಪುರುಸೊತ್ತಿಲ್ಲ. ಲೆಕ್ಕ ನೋಡುವ ಅಕ್ಕನಿಗೆ ಒಂದು ಮೇಲ್ ಬಂತು. ಕಳಿಸಿದವರು ಪರಿಚಯದ ವ್ಯಾಪಾರಿ. ಹಿಂದಿನ ವಾರ ಇಬ್ಬರೂ ಬರೆದುಕೊಂಡಿದ್ದ ಮೇಲಿಗೇ ಉತ್ತರವಾಗಿ ಬಂದಿತ್ತು. ಜೊತೆಗೆ ಬಾಕಿ ಬಿಲ್ಲಿನ ಎಕ್ಸೆಲ್ ಫೈಲ್. ತೆರೆದರೆ, ‘ವಿವರ ಕಾಣಲು ಎನೇಬಲ್ ಕಂಟೆಂಟ್ ಒತ್ತಿ’ ಎಂಬ ಚಿತ್ರ. ಅಕ್ಕ ಒತ್ತಿದರು. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು. ಹಾಳೆ ಖಾಲಿ ಇತ್ತು. ಮುಚ್ಚಿ ಬೇರೆ ಕೆಲಸಕ್ಕೆ ಹೋದರು.

ಎರಡು ದಿನ ಆದ ಮೇಲೆ ಬೆಳೆಗಾರರೊಬ್ಬರು ಫೋನ್ ಮಾಡಿದರು. ‘ನಿಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಮೇಲ್ ಬಂದಿದೆ, ನಿಜವಾ?’ ಆಫೀಸಿನವರು ಅಂಥ ಮೇಲ್ ಕಳಿಸಿರಲೇ ಇಲ್ಲ.

ನಾನು ಹೋಗಿ ನೋಡಿದಾಗ ಆ್ಯಂಟಿವೈರಸ್ ಹಸಿರು ಗುರುತು ತೋರಿಸುತ್ತಾ ಕೂತಿತ್ತು. ಆ ಕಪ್ಪು ಕಿಟಕಿ ಏನು ಮಾಡಿತು ಎಂದು ಲಾಗ್, ಅಂದರೆ ಕಂಪ್ಯೂಟರಿನಲ್ಲಿ ನಡೆದದ್ದನ್ನು ಬರೆದಿಡುವ ದಾಖಲೆ, ಹುಡುಕಿದೆ. ಏನೂ ಇರಲಿಲ್ಲ. ಇರುವುದಾದರೂ ಹೇಗೆ? ಯಾವ ಪ್ರೋಗ್ರಾಂ ಯಾವಾಗ ಶುರುವಾಯಿತು ಎಂದು ವಿಂಡೋಸ್ ತಾನಾಗಿ ಲಾಗಿನಲ್ಲಿ ಬರೆದಿಡುವುದಿಲ್ಲ. ನಾವೇ ಆ ಸೆಟ್ಟಿಂಗ್ ಹಾಕಬೇಕು. ನಾನು ಹಾಕಿರಲಿಲ್ಲ. ಆ ದಿನದ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ.

ವರ್ಡ್, ಎಕ್ಸೆಲ್ ಫೈಲುಗಳ ಒಳಗೆ ಮ್ಯಾಕ್ರೊ ಎಂಬ ಸಣ್ಣ ಪ್ರೋಗ್ರಾಂ ಇಡಬಹುದು. ಒಳ್ಳೆಯ ಕೆಲಸಕ್ಕೇ ಬಂದದ್ದು ಅದು. ನೂರು ಮೂಟೆಯ ತೂಕ ಕೂಡಿ ಬಿಲ್ಲು ತಯಾರಿಸಬೇಕೆಂದರೆ ಒಂದು ಗುಂಡಿ ಒತ್ತಿದರೆ ಸಾಕು. ಅದೇ ಗುಂಡಿ ಕಳ್ಳನಿಗೂ ಬಾಗಿಲಾಯಿತು. 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಎಂಬ ವೈರಸ್ ವರ್ಡ್ ಫೈಲಿನಲ್ಲಿ ಬಂತು. ತೆರೆದವರ ವಿಳಾಸ ಪಟ್ಟಿಯ ಮೊದಲ 50 ಜನಕ್ಕೆ ತಾನೇ ಮೇಲ್ ಕಳಿಸಿಕೊಂಡಿತು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ವಿದ್ಯುತ್ ಕಂಪನಿಗಳ ಒಳಗೆ ಕಳ್ಳರು ಮೊದಲು ಕಾಲಿಟ್ಟದ್ದು ಮೇಲಿನಲ್ಲಿ ಬಂದ ವರ್ಡ್, ಎಕ್ಸೆಲ್ ಫೈಲಿನ ಮ್ಯಾಕ್ರೊ ಹಿಡಿದು.

ಹಾಗಾದರೆ ಪತ್ತೆ ಮಾಡುವುದು ಹೇಗೆ? ಫೈಲನ್ನೇ ನೋಡುತ್ತಾ ಕೂತರೆ ಸಾಲದು. ಫೈಲಿನ ರೂಪ ದಿನಾ ಬದಲಾಗುತ್ತದೆ. ಜಿಪ್ ಮಾಡಿ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಮೇಲಿನಲ್ಲೇ ಬರೆದು ಕಳಿಸುತ್ತಾರೆ. ತಪಾಸಣೆ ಮಾಡುವ ಸಾಫ್ಟ್‌ವೇರಿಗೆ ಒಳಗೇನಿದೆ ಕಾಣುವುದೇ ಇಲ್ಲ. ನೋಡಬೇಕಾದ್ದು, ಫೈಲ್ ತೆರೆದ ಮೇಲೆ ವರ್ಡ್ ಯಾರನ್ನು ಕರೆಸಿತು ಎಂಬುದನ್ನು.

ತೋಟದ ರೈಟರನ್ನು ನೆನೆಸಿಕೊಳ್ಳಿ. ಚೆಕ್‌ರೋಲ್ ಬರೆಯುವುದು, ಬಟವಾಡೆ ಲೆಕ್ಕ ಇಡುವುದು ಅವರ ಕೆಲಸ. ಅವರು ಒಬ್ಬ ಆಳನ್ನು ಪೇಟೆಗೆ ಕಳಿಸಿ ಪುಸ್ತಕ ತರಿಸಿದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ನಡುರಾತ್ರಿ ಗರಗಸ ಹಿಡಿದ ಹೊಸಬನನ್ನು ಕರೆಸಿ ಸಿಲ್ವರ್ ಓಕ್ ಮರ ತೋರಿಸಿದರೆ? ಆ ಹೊಸಬ ಯಾರು, ಎಲ್ಲಿಯವನು ಎಂದು ಗೊತ್ತಿಲ್ಲದಿದ್ದರೂ ಏನೋ ಸರಿಯಿಲ್ಲ ಎಂದು ತಿಳಿಯುತ್ತದೆ, ಅಲ್ವಾ?

ವರ್ಡ್ ಕೂಡ ಹಾಗೆಯೇ. ಅದು ಬರೆಯಲು ಇರುವುದು. ಒಂದು ಲಿಂಕ್ ಒತ್ತಿದರೆ ಬ್ರೌಸರನ್ನು ಕರೆಯುತ್ತದೆ, ಸರಿ. ಪ್ರಿಂಟ್ ಕೊಟ್ಟರೆ ಪ್ರಿಂಟಿಗೆ ನೆರವಾಗುವ ಪುಟ್ಟ ಪ್ರೋಗ್ರಾಂ ಶುರುವಾಗಬಹುದು, ಅದೂ ಸರಿ. ಆದರೆ ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಪವರ್‌ಶೆಲ್ ಎಂಬ ಪ್ರೋಗ್ರಾಮನ್ನು ಕರೆಯಲು ವರ್ಡಿಗೆ ಏನು ಕೆಲಸ? ಅಂಥದ್ದೇ ಆದ ಕಮಾಂಡ್ ಪ್ರಾಂಪ್ಟನ್ನಾಗಲಿ, ಸ್ಕ್ರಿಪ್ಟ್ ಎಂಬ ಆಜ್ಞೆಗಳ ಪಟ್ಟಿ ಓಡಿಸುವ ಪ್ರೋಗ್ರಾಮನ್ನಾಗಲಿ ಎಕ್ಸೆಲ್ ಶುರು ಮಾಡಿದರೆ ತಕ್ಷಣ ನೋಡಬೇಕು. ಅಕ್ಕ ಕಂಡ ಕಪ್ಪು ಕಿಟಕಿ ಇಂಥದ್ದೇ ಇರಬೇಕು.

ಇದನ್ನು ಬರೆದಿಡಲು ದುಡ್ಡು ಕೊಡಬೇಕಿಲ್ಲ. ವಿಂಡೋಸಿನ ಸೆಕ್ಯುರಿಟಿ ಲಾಗಿನಲ್ಲಿ 4688 ಎಂಬ ಸಂಖ್ಯೆಯ ದಾಖಲೆ ಇದೆ. ಯಾವ ಪ್ರೋಗ್ರಾಂ ಯಾವುದನ್ನು ಶುರು ಮಾಡಿತು ಎಂದು ಅದು ಹೇಳುತ್ತದೆ. ಅದನ್ನು ಆನ್ ಮಾಡಿ. ಜೊತೆಗೆ ಪೂರ್ತಿ ಕಮಾಂಡ್ ಸಾಲು ಬರೆಯುವ ಸೆಟ್ಟಿಂಗನ್ನೂ ಹಾಕಿ. ಅದಿಲ್ಲದಿದ್ದರೆ ಯಾರು ಬಂದರು ಎಂದು ತಿಳಿಯುತ್ತದೆ, ಏನು ಮಾಡಲು ಬಂದರು ಎಂದು ತಿಳಿಯುವುದಿಲ್ಲ. ಲಾಗಿನ ಗಾತ್ರವನ್ನೂ ಹೆಚ್ಚಿಸಿ. ಮೊದಲಿಂದ ಇರುವ 20 ಎಂಬಿ ಬೇಗ ತುಂಬಿ ಹಳೆಯದು ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟಿನದೇ ಸಿಸ್‌ಮಾನ್ ಎಂಬ ಉಚಿತ ಸಾಧನ ಇನ್ನೂ ಚೆನ್ನಾಗಿ ಬರೆದಿಡುತ್ತದೆ. ವರ್ಡ್ ಹೊರಗಿನ ಯಾವ ವಿಳಾಸಕ್ಕೆ ಹೋಯಿತು, ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿನಲ್ಲಿ ಯಾವ ಫೈಲ್ ಇಳಿಸಿತು, ಸರಿಯಾಗಿ ಹೊಂದಿಸಿದರೆ ಎಲ್ಲ ಸಿಗುತ್ತದೆ.

ಈ ಕಾವಲಿನ ಮೇಲೆ ನನಗೆ ನಂಬಿಕೆ ಬಂದದ್ದು 2022ರ ಮೇ ತಿಂಗಳಲ್ಲಿ. ಫೋಲಿನಾ ಎಂಬ ದೋಷ ಆಗ ಬೆಳಕಿಗೆ ಬಂತು. ಅದರಲ್ಲಿ ಮ್ಯಾಕ್ರೊ ಇರಲೇ ಇಲ್ಲ. ವಿಂಡೋಸಿನ ತೊಂದರೆ ಪತ್ತೆ ಮಾಡುವ ಸಾಧನವನ್ನೇ ವರ್ಡ್ ಮೂಲಕ ಕರೆಸಿ, ಅದರ ಕೈಯಲ್ಲಿ ಕೆಟ್ಟ ಕೆಲಸ ಮಾಡಿಸುತ್ತಿದ್ದರು. ದಾರಿ ಹೊಸದು. ಆದರೆ ವರ್ಡ್ ಯಾರನ್ನು ಕರೆಯಿತು ಎಂದು ಬರೆದಿಟ್ಟವರ ಲಾಗಿನಲ್ಲಿ ಅದು ಎದ್ದು ಕಾಣುತ್ತಿತ್ತು.

ಕಳ್ಳರಿಗೂ ಇದು ಗೊತ್ತು. ಅದಕ್ಕೇ ಕೆಲವರು ವಿಂಡೋಸಿನ ಬೇರೆ ಸೇವೆಯ ಮೂಲಕ ಸುತ್ತಿ ಬರುತ್ತಾರೆ. ಆಗ ವರ್ಡಿನ ಹೆಸರು ನೇರವಾಗಿ ಕಾಣುವುದಿಲ್ಲ. ಹಾಗಾಗಿ ಫೈಲ್ ತೆರೆದ ಹೊತ್ತಿನ ಆಸುಪಾಸಿನಲ್ಲಿ ಹೊಸದಾಗಿ ಏನೇನು ಶುರುವಾಯಿತು ಎಂದೂ ನೋಡಬೇಕು. ನಿಗದಿತ ಸಮಯಕ್ಕೆ ಓಡುವ ಟಾಸ್ಕ್ ಹೊಸದು ಯಾವುದಾದರೂ ಸೇರಿದೆಯಾ ನೋಡಿ.

ಇನ್ನೊಂದು ಮಾತು. ಇಂಟರ್ನೆಟ್ಟಿನಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಹಾಕುತ್ತದೆ. ಆ ಗುರುತಿರುವ ಫೈಲಿನ ಮ್ಯಾಕ್ರೊಗಳನ್ನು 2022ರಿಂದ ಎಂಎಸ್ ಆಫೀಸ್, ಅಂದರೆ ವರ್ಡ್, ಎಕ್ಸೆಲ್ ಇರುವ ಸಾಫ್ಟ್‌ವೇರ್, ತಾನೇ ತಡೆಯುತ್ತದೆ. ದೊಡ್ಡ ಉಪಕಾರ. ಆದರೆ ನಮ್ಮಲ್ಲಿ ಪೆನ್‌ಡ್ರೈವ್ ಓಡಾಟ ಜಾಸ್ತಿ. ಸೈಬರ್ ಸೆಂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿಗೆ ಹಾಕಿ ತರುತ್ತಾರೆ. ಸಾಮಾನ್ಯ ಪೆನ್‌ಡ್ರೈವಿನಲ್ಲಿ ಆ ಗುರುತು ಉಳಿಯುವುದಿಲ್ಲ. ತಡೆಯುವ ಗೋಡೆಯೂ ಇಲ್ಲ. ತೀರಾ ಹಳೆಯ ಎಂಎಸ್ ಆಫೀಸ್ ಇದ್ದರಂತೂ ಕೇಳುವುದೇ ಬೇಡ.

ಮಾಲೀಕರಿಗೆ ನನ್ನ ಕೋರಿಕೆ: ತಪ್ಪಾಗಿ ಒತ್ತಿದವರನ್ನು ಬೈಯಬೇಡಿ. ಆ ಅಕ್ಕನಿಗೆ ಕಪ್ಪು ಕಿಟಕಿ ಕಂಡ ಕ್ಷಣವೇ ಅನುಮಾನ ಬಂದಿತ್ತು. ಹೇಳಲು ಹೆದರಿದರು. ಅವರು ಅವತ್ತೇ ಹೇಳಿದ್ದರೆ ನೆಟ್‌ವರ್ಕ್ ಕೇಬಲ್ ಕಿತ್ತು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಲು ಅವಸರ ಬೇಡ, ಸಾಕ್ಷಿ ಹೋಗುತ್ತದೆ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೋದ ಕೊಯ್ಲಿನಲ್ಲಿ ಅದೇ ಅಕ್ಕ ಸಂಜೆ ಆರಕ್ಕೆ ಫೋನ್ ಮಾಡಿದರು. ‘ಎನೇಬಲ್ ಅಂತ ಕೇಳ್ತಿದೆ, ನಾನು ಮುಟ್ಟಿಲ್ಲ. ಸುಮ್ನೆ ತೊಂದರೆ ಕೊಡ್ತಿದ್ದೀನಾ?’ ಹೋಗಿ ನೋಡಿದೆ. ತೂಕ ಕೂಡುವ ಅಸಲಿ ಮ್ಯಾಕ್ರೊ, ಕಳಿಸಿದವರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡೆವು. ಹತ್ತು ನಿಮಿಷ ಹಿಡಿಯಿತು. ಮುಂದಿನ ಸಲವೂ ಹೀಗೇ ಕರೆಯಿರಿ ಅಕ್ಕಾ ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ನಮಸ್ಕಾರ.