ಒಗರು ಕರುಳಿಗೆ ಇಳಿದ ಮೇಲೆ

ಎಲ್ಲರಿಗೂ ನಮಸ್ಕಾರ.

ನಮ್ಮ ಉಡುಪಿ ಕಡೆ ಹೊಟ್ಟೆ ಕೆಟ್ಟರೆ ಅಜ್ಜಿಯ ಕೈ ಮೊದಲು ಹೋಗುತ್ತಿದ್ದದ್ದು ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯ ಡಬ್ಬಿಗೆ. ಒಂದು ತುಂಡು ಸಿಪ್ಪೆ, ಚೂರು ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ತೆಂಗಿನಕಾಯಿ ಜೊತೆ ಅರೆದು ಮಜ್ಜಿಗೆಗೆ ಸೇರಿಸಿದರೆ ತಂಬುಳಿ. ಆ ಸಿಪ್ಪೆಯನ್ನು ಸುಮ್ನೆ ಒಮ್ಮೆ ಕಚ್ಚಿ ನೋಡಿ. ನಾಲಿಗೆ ಹಿಡಿದು ಎಳೆದ ಹಾಗಾಗುತ್ತದೆ. ಅದೇ ಒಗರು. ಸಿಪ್ಪೆಯ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಟ್ಯಾನಿನ್ ಗಿಡಗಳಲ್ಲಿ ಸಿಗುವ ಪಾಲಿಫಿನಾಲ್ ಎಂಬ ಅಂಶಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಅರಿಶಿನದ ಹಳದಿ, ಪುನರ್ಪುಳಿಯ ಕೆಂಪು ಕೂಡ ಅದೇ ಕುಟುಂಬದವು.

ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಎರಡು ದಿನದ ಭೇದಿಯ ಬಗ್ಗೆ ಅಲ್ಲ, ಐಬಿಡಿ ಬಗ್ಗೆ, ಅಂದರೆ ವರ್ಷಗಟ್ಟಲೆ ಕಾಡುವ ಕರುಳಿನ ಉರಿಯೂತದ ಕಾಯಿಲೆಯ ಬಗ್ಗೆ. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎರಡೂ ಅದರೊಳಗೆ ಬರುತ್ತವೆ. ನಮ್ಮದೇ ರೋಗನಿರೋಧಕ ಶಕ್ತಿ ಕರುಳಿನ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸುತ್ತದೆ. ಮಲದಲ್ಲಿ ರಕ್ತ, ಹೊಟ್ಟೆನೋವು, ಸುಸ್ತು. ಮಂಗಳೂರಿನ ಬಸ್ಸು ಹತ್ತಬೇಕಾದರೂ ದಾರಿಯಲ್ಲಿ ಟಾಯ್ಲೆಟ್ ಎಲ್ಲಿ ಸಿಗುತ್ತದೆ ಎಂದು ಲೆಕ್ಕ ಹಾಕುವ ಪಾಡು. ಹೆಚ್ಚಿನವರಿಗೆ ಹರೆಯದಲ್ಲೇ ಶುರುವಾಗುತ್ತದೆ, ಅದು ನನಗೆ ತುಂಬಾ ಸಂಕಟದ ವಿಷಯ.

ಪಾಲಿಫಿನಾಲ್ ಇಲ್ಲಿ ಯಾಕೆ ಆಸೆ ಹುಟ್ಟಿಸುತ್ತದೆ? ತಿಂದದ್ದರಲ್ಲಿ ಬಹುಪಾಲು ಸಣ್ಣಕರುಳಿನಲ್ಲಿ ರಕ್ತಕ್ಕೆ ಸೇರುವುದೇ ಇಲ್ಲ, ಹಾಗೇ ದೊಡ್ಡಕರುಳಿಗೆ ಇಳಿಯುತ್ತದೆ. ಬೇರೆ ಕಾಯಿಲೆಗಾದರೆ ಇದು ದೊಡ್ಡ ಕೊರತೆ. ಕೊಲೈಟಿಸ್‌ನಲ್ಲಿ ಹುಣ್ಣು ಇರುವುದೇ ಅಲ್ಲಿ ಅಲ್ವಾ! ದಾಳಿಂಬೆಯದ್ದು ಇನ್ನೂ ಚಂದದ ಕಥೆ. ಅದರ ಟ್ಯಾನಿನ್ ಅನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಯುರೋಲಿಥಿನ್ ಮಾಡುತ್ತವೆ. ಇಲಿಗಳಲ್ಲಿ ಅದು ಕರುಳಿನ ಒಳಗೋಡೆಯನ್ನು ಬಿಗಿ ಮಾಡಿ ಉರಿಯೂತ ತಗ್ಗಿಸಿದೆ. ಆದರೆ ಆ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇರುವುದಿಲ್ಲ. ಒಂದೇ ಪಾತ್ರೆಯ ತಂಬುಳಿ ಉಂಡರೂ ಒಬ್ಬರ ಹೊಟ್ಟೆಯಲ್ಲಿ ಯುರೋಲಿಥಿನ್ ಆಗುತ್ತದೆ, ಪಕ್ಕದಲ್ಲಿ ಕೂತವರ ಹೊಟ್ಟೆಯಲ್ಲಿ ಆಗದೆ ಇರಬಹುದು.

ಮನುಷ್ಯರ ಮೇಲೆ ಜಾಸ್ತಿ ಪರೀಕ್ಷೆ ಆಗಿರುವುದು ಕರ್ಕ್ಯುಮಿನ್, ಅಂದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶ. 2006ರಲ್ಲಿ ಜಪಾನಿನಲ್ಲಿ, ಕೊಲೈಟಿಸ್ ಹತೋಟಿಯಲ್ಲಿದ್ದ 89 ಜನರಲ್ಲಿ ಕೆಲವರಿಗೆ ಮಾಮೂಲಿ ಮಾತ್ರೆಯ ಜೊತೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ಕೊನೆಗೆ ಲೆಕ್ಕಕ್ಕೆ ತೆಗೆದುಕೊಂಡದ್ದು 82 ಜನರನ್ನು. ಆರು ತಿಂಗಳಲ್ಲಿ ಕರ್ಕ್ಯುಮಿನ್ ತೆಗೆದುಕೊಂಡ 43 ಜನರಲ್ಲಿ ಇಬ್ಬರಿಗೆ ಕಾಯಿಲೆ ಮರುಕಳಿಸಿತು. ಉಳಿದ ಗುಂಪಿನ 39 ಜನರಲ್ಲಿ ಎಂಟು ಮಂದಿಗೆ. 2015ರ ಇನ್ನೊಂದು ಪರೀಕ್ಷೆಯಲ್ಲಿ ದಿನಕ್ಕೆ 3 ಗ್ರಾಂ ಕೊಟ್ಟಾಗಲೂ ಗುಣ ಕಂಡಿತು. ದೆಹಲಿಯ ಏಮ್ಸ್‌ನಲ್ಲಿ ಬರೀ 450 ಮಿಲಿಗ್ರಾಂ ಕೊಟ್ಟು ನೋಡಿದರು, ಏನೂ ವ್ಯತ್ಯಾಸ ಕಾಣಲಿಲ್ಲ.

ಈ ಲೆಕ್ಕವನ್ನು ಅಡುಗೆಮನೆಗೆ ತನ್ನಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. 3 ಗ್ರಾಂ ಬೇಕಾದರೆ ದಿನಕ್ಕೆ 100 ಗ್ರಾಂ ಪುಡಿ ತಿನ್ನಬೇಕು! ಸಾರಿಗೆ ಹಾಕುವ ಚಿಟಿಕೆಯಿಂದ ಕೊಲೈಟಿಸ್ ವಾಸಿಯಾಗುವುದಿಲ್ಲ. ಮತ್ತೆ, ಆ ಪರೀಕ್ಷೆಗಳಲ್ಲಿ ಯಾರೂ ಮಾತ್ರೆ ಬಿಟ್ಟಿರಲಿಲ್ಲ. ಮಾತ್ರೆ ಬಿಟ್ಟು ಬರೀ ಕಷಾಯ ಕುಡಿದು, ರಕ್ತ ಹೋಗಿ ಬಿಳಿಚಿಕೊಂಡು ಬಂದ ಹುಡುಗರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ರಕ್ತಹೀನತೆ ಇರುವವರಿಗೆ ಇನ್ನೊಂದು ಮಾತು. ಒಗರಿನ ಪದಾರ್ಥಗಳು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿಯಬೇಡಿ. ಪುನರ್ಪುಳಿ ಸಾರು, ತಂಬುಳಿ ಹೊಟ್ಟೆಗೆ ಒಗ್ಗಿದರೆ ಊಟದಲ್ಲಿ ಇರಲಿ. ಕಾಯಿಲೆ ಉಲ್ಬಣಿಸಿದಾಗ ಹುಳಿ, ಖಾರ ಆಗದಿದ್ದರೆ ಬಿಡಿ.

ಕರ್ಕ್ಯುಮಿನ್ ಕ್ಯಾಪ್ಸೂಲ್ ವಿಷಯದಲ್ಲಿ ನನಗೆ ಹೆದರಿಕೆ ಇದೆ. ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಕರ್ಕ್ಯುಮಿನ್ ರಕ್ತಕ್ಕೆ ಎಷ್ಟೋ ಪಟ್ಟು ಜಾಸ್ತಿ ಸೇರುತ್ತದೆ ಎಂದು 1998ರಲ್ಲಿ ಬೆಂಗಳೂರಿನಲ್ಲೇ ತೋರಿಸಿದರು. ಈಗ ಅಂಥ ಡಬ್ಬಿಗಳು ಎಲ್ಲೆಲ್ಲೂ ಸಿಗುತ್ತವೆ. ಅವನ್ನು ತಿಂದ ಕೆಲವರಿಗೆ ಲಿವರ್ ಊದಿ ಕಾಮಾಲೆ ಬಂದದ್ದು ದಾಖಲಾಗಿದೆ. ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರೆಯ ಚೀಟಿಯ ಜೊತೆ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.