ಎರಡನೇ ಸಲ ತಾಗುವ ತನಕ ಬಾಯಿ ಮುಚ್ಚದ ಗಿಡ

[ದೃಶ್ಯ: ನಾಚಿಕೆ ಮುಳ್ಳಿನ ಎಲೆ, ಹತ್ತಿರ ಬರುತ್ತಿರುವ ಬೆರಳು]

ಇದನ್ನು ಮುಟ್ಟಿ ಆಟ ಆಡದವರು ಕಡಿಮೆ. ನಾಚಿಕೆ ಮುಳ್ಳು ಅನ್ನಿ, ಮುಟ್ಟಿದರೆ ಮುನಿ ಅನ್ನಿ, ಬೆರಳು ತಾಗಿದ್ದೇ ತಡ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಂಡು ಕೊನೆಗೆ ತೊಟ್ಟೇ ಜೋತು ಬೀಳುತ್ತದೆ. ನಾಚಿಕೆಯೂ ಇಲ್ಲ, ಮುನಿಸೂ ಇಲ್ಲ. ಎಲ್ಲಾ ನೀರಿನ ಆಟ.

[ಕ್ಲೋಸಪ್: ತೊಟ್ಟಿನ ಬುಡ]

ತೊಟ್ಟಿನ ಬುಡದಲ್ಲಿ ಸಣ್ಣ ಗಂಟು ಕಾಣುತ್ತಿದೆಯಲ್ಲ, ಅದರ ಕೆಳಭಾಗದ ಜೀವಕೋಶಗಳು ನೀರು ಕುಡಿದು ಬಿಗಿಯಾಗಿ ಉಬ್ಬಿರುತ್ತವೆ. ತೊಟ್ಟು ಎದ್ದು ನಿಂತಿರುವುದೇ ಆ ಬಿಗಿಯಿಂದ. ಮುಟ್ಟಿದಾಗ ಒಂದು ವಿದ್ಯುತ್ ಸಂಕೇತ ಅಲ್ಲಿಗೆ ಓಡುತ್ತದೆ, ಜೀವಕೋಶದಿಂದ ಪೊಟ್ಯಾಸಿಯಂ ಹೊರಗೆ ಬರುತ್ತದೆ, ಅದರ ಬೆನ್ನಿಗೇ ನೀರು. ಗಾಳಿ ಹೋದ ಟ್ಯೂಬ್ ಥರ ಎಲ್ಲಾ ಮೆತ್ತಗಾಗುತ್ತದೆ. ಮತ್ತೆ ನೀರು ತುಂಬಿ ಎಲೆ ಬಿಚ್ಚಲು ಹತ್ತಿಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತು ಬಿಸಿಲೂ ಸರಿಯಾಗಿ ಸಿಗುವುದಿಲ್ಲ, ಅಂದರೆ ಊಟಕ್ಕೆ ಕತ್ತರಿ.

ಹಾಗಾಗಿ ಸುಮ್‌ಸುಮ್ನೆ ಮುನಿಸಿಕೊಂಡರೆ ನಷ್ಟ ಗಿಡಕ್ಕೇ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಗಿಡದ ಕುಂಡಗಳನ್ನು 15 ಸೆಂಟಿಮೀಟರ್ ಎತ್ತರದಿಂದ ಬೀಳಿಸಿದರು, ಒಂದು ಸುತ್ತಿಗೆ 60 ಸಲ. ಮೊದಮೊದಲು ಎಲೆ ಮುಚ್ಚಿತು. ಆಮೇಲೆ ಬಿದ್ದರೂ ಬಿಚ್ಚಿಕೊಂಡೇ ಇತ್ತು. ಸುಸ್ತಾಗಿರಬೇಕು ಅಂತೀರಾ? ಕುಂಡವನ್ನು ಬೇರೆ ಥರ ಅಲ್ಲಾಡಿಸಿದರೆ ತಟ್ಟನೆ ಮುಚ್ಚಿತು! 28 ದಿನ ಬಿಟ್ಟು ಬೀಳಿಸಿದಾಗಲೂ ಕ್ಯಾರೇ ಅನ್ನಲಿಲ್ಲ. ಇದನ್ನು ಕಲಿಕೆ ಅನ್ನಬಹುದಾ ಅಂತ ವಿಜ್ಞಾನಿಗಳಲ್ಲಿ ಜಗಳ ಇದೆ. ಮಿದುಳಿಲ್ಲದ ಗಿಡಕ್ಕೆ ಆ ಮಾತು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೂ ಅನಿಸುತ್ತದೆ.

[ದೃಶ್ಯ: ವೀನಸ್ ಫ್ಲೈಟ್ರಾಪ್, ಒಳಗೆ ಓಡಾಡುವ ನೊಣ]

ಇದು ವೀನಸ್ ಫ್ಲೈಟ್ರಾಪ್, ಹುಳ ಹಿಡಿದು ತಿನ್ನುವ ಗಿಡ. ಇನ್ನೂ ಜಿಪುಣ. ಬಾಯಿಯ ಥರ ಇರುವ ಎಲೆಯೊಳಗಿನ ರೋಮ ಒಂದು ಸಲ ತಾಗಿದರೆ ಅಲ್ಲಾಡುವುದಿಲ್ಲ, ಮಳೆಹನಿಯೋ ಕಸವೋ ಇರಬಹುದು ಅಲ್ವಾ. ಆದರೆ ಒಳಗೆ ಕ್ಯಾಲ್ಸಿಯಂ ಮಟ್ಟ ಏರಿರುತ್ತದೆ, ಏರಿದ್ದು ಮೆಲ್ಲಗೆ ಇಳಿಯುತ್ತಿರುತ್ತದೆ. ಅದು ಪೂರ್ತಿ ಇಳಿಯುವ ಮೊದಲೇ, ಸುಮಾರು 20 ಸೆಕೆಂಡಿನೊಳಗೆ ರೋಮ ಇನ್ನೊಮ್ಮೆ ತಾಗಿದರೆ ಮಟ್ಟ ಗಡಿ ದಾಟುತ್ತದೆ. ಟಪ್! ಬಾಯಿ ಬಂದ್. ಎಣಿಕೆ ಅಲ್ಲಿಗೂ ನಿಲ್ಲುವುದಿಲ್ಲ. ಸಿಕ್ಕಿಬಿದ್ದ ನೊಣ ಒದ್ದಾಡಿ ಇನ್ನೂ ಕೆಲವು ಸಲ ರೋಮ ತಾಗಿಸಿದ ಮೇಲೇ ಜೀರ್ಣರಸದ ತಯಾರಿ. ಪಾಪ, ಒದ್ದಾಡಿದಷ್ಟೂ ತನ್ನ ಅಡುಗೆಗೆ ತಾನೇ ಒಲೆ ಹಚ್ಚಿಕೊಳ್ಳುತ್ತದೆ.

ಪ್ರಾಣಿಗಳಿಗೆ ನರ ಇದೆ, ಹಾಗಾಗಿ ವೇಗ ಜಾಸ್ತಿ. ಲೆಕ್ಕಾಚಾರ ಮಾತ್ರ ಇದೇ, ಅಗತ್ಯ ಇದ್ದಷ್ಟೇ ಖರ್ಚು. ಕೆಲವು ಪತಂಗಗಳ ಒಂದೊಂದು ಕಿವಿಯಲ್ಲೂ ಸದ್ದು ಕೇಳುವ ನರಕೋಶ ಇರುವುದು ಬರೀ ಎರಡು. ಪತಂಗ ಹಿಡಿದು ತಿನ್ನುವ ಬಾವಲಿಯ ಸದ್ದು ದೂರದಲ್ಲಿ ಸಣ್ಣಗೆ ಕೇಳಿದರೆ ಪತಂಗ ದಿಕ್ಕು ಬದಲಿಸಿ ಹೋಗುತ್ತದೆ, ಅಷ್ಟೇ. ಜೋರಾಗಿ ಕೇಳಿತೋ, ಅಡ್ಡಾದಿಡ್ಡಿ ಹಾರುತ್ತದೆ, ಇಲ್ಲವೇ ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತದೆ.

[ದೃಶ್ಯ: ಬಿಳಿ ಮೊಲ]

ಈಗ ಸ್ವಲ್ಪ ಕಷ್ಟದ ವಿಷಯ. ಉತ್ತರ ಅಮೆರಿಕದ ಸ್ನೋಶೂ ಮೊಲ ಚಳಿಗಾಲಕ್ಕೆ ಕಂದು ತುಪ್ಪಳ ಉದುರಿಸಿ ಬೆಳ್ಳಗಾಗುತ್ತದೆ. ಹಿಮ ನೋಡಿ ಅಲ್ಲ. ಬಣ್ಣ ಬದಲಾಗಲು ವಾರಗಟ್ಟಲೆ ಬೇಕು, ಹಿಮ ಬಿದ್ದ ಮೇಲೆ ಶುರು ಮಾಡಿದರೆ ಅಷ್ಟರಲ್ಲಿ ಯಾರದೋ ಹೊಟ್ಟೆ ಸೇರಿರುತ್ತದೆ. ಅದಕ್ಕೇ ಅದು ಹಗಲು ಗಿಡ್ಡವಾಗುವುದನ್ನು ನಂಬಿಕೊಂಡಿದೆ. ಹಗಲಿನ ಲೆಕ್ಕ ಈಗಲೂ ತಪ್ಪಿಲ್ಲ. ಭೂಮಿ ಬಿಸಿಯಾಗುತ್ತಿರುವುದರಿಂದ ಹಿಮವೇ ತಡ ಮಾಡುತ್ತಿದೆ.

[ದೃಶ್ಯ: ಕಂದು ಎಲೆಗಳ ಮೇಲೆ ಅದೇ ಮೊಲ. ಐದು ಸೆಕೆಂಡ್ ಮಾತಿಲ್ಲ]

ನೋಡಿ, ಎಷ್ಟು ದೂರದಿಂದಲೂ ಕಾಣುತ್ತಿದೆ. ಆದರೂ ಬಚ್ಚಿಟ್ಟುಕೊಂಡಿದ್ದೇನೆ ಅನ್ನುವ ಹಾಗೆ ಅಲ್ಲಾಡದೆ ಕೂತಿದೆ.